ಬರಗಾಲದಲ್ಲಿ ಅಧಿಕಮಾಸ: ಆ 13ನೇ ತಿಂಗಳಿನ ಲೆಕ್ಕ

'ಬರಗಾಲದಲ್ಲಿ ಅಧಿಕಮಾಸ' ಅನ್ನೋ ಗಾದೆಯ ಅರ್ಥ ಎಲ್ಲರಿಗೂ ಗೊತ್ತಿರೋದೇ. ಮೊದಲೇ ಒಂದು ಕಷ್ಟ, ಅದರ ಮೇಲೆ ಇನ್ನೊಂದು. 'ಮೋಟಾರ್ ಸುಟ್ಟು ಕೂತಿದ್ದೆವು, ಬರಗಾಲದಲ್ಲಿ ಅಧಿಕಮಾಸ ಅನ್ನೋ ಹಾಗೆ ಟಿಸಿನೂ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಹೋಯ್ತು.'

ನಾನು ಎಡವಿದ್ದು ಅಧಿಕಮಾಸದ ಹತ್ತಿರ. ಅದಕ್ಕೆ ಪುರುಷೋತ್ತಮ ಮಾಸ ಅಂತ ಹೆಸರು ಬೇರೆ ಇದೆ, ದಾನ ಮಾಡಿದರೆ ಪುಣ್ಯ ಜಾಸ್ತಿ ಅಂತಾರೆ. ಅಂಥ ತಿಂಗಳು ಕಷ್ಟ ಹೇಗಾಯ್ತು?

ಚಂದ್ರನ 12 ತಿಂಗಳು ಸುಮಾರು 354 ದಿನಕ್ಕೆ ಮುಗಿಯುತ್ತವೆ. ಸೂರ್ಯನ ವರ್ಷಕ್ಕೆ 365 ಬೇಕು. ವರ್ಷಕ್ಕೆ 11 ದಿನ ಕಮ್ಮಿ. ಅದಕ್ಕೇ 32-33 ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸುತ್ತಾರೆ. ಸಂಕ್ರಮಣ, ಅಂದರೆ ಸೂರ್ಯ ರಾಶಿ ದಾಟೋದು, ಬೀಳದ ತಿಂಗಳು ಅಧಿಕ.

ಇಷ್ಟು ಓದಿದರೂ ತಲೆಗೆ ಹತ್ತಲಿಲ್ಲ. ಕ್ಯಾಲೆಂಡರ್ ಹಿಡಿದು ಯುಗಾದಿಯಿಂದ ಯುಗಾದಿಗೆ ಎಣಿಸಿದೆ. 2022ರ ಏಪ್ರಿಲ್ 2ರಿಂದ 2023ರ ಮಾರ್ಚ್ 22ಕ್ಕೆ 354 ದಿನ. ಅಲ್ಲಿಂದ 2024ರ ಏಪ್ರಿಲ್ 9ಕ್ಕೆ 384! ಪೂರ್ತಿ 30 ದಿನ ಜಾಸ್ತಿ. 12 ತಿಂಗಳಿಗೇ ಸಾಲದ ರಾಗಿ ಈಗ 13 ತಿಂಗಳು ಬರಬೇಕು. ಮರಾಠಿಯವರು ಇದೇ ಗಾದೆಯನ್ನು 'ಬರಗಾಲದಲ್ಲಿ ಹದಿಮೂರನೇ ತಿಂಗಳು' ಅಂತಾರೆ. ಅದನ್ನು ಕೇಳಿದ ಮೇಲೆ ನನಗೆ ಪಕ್ಕಾ ಆಯ್ತು.

ಆದರೆ ಇಲ್ಲೊಂದು ತೊಡಕು. ಅಧಿಕಮಾಸ ಬಂದರೆ ಮಳೆಯೂ ತಿಂಗಳು ತಡವಾಗುತ್ತದಾ? ಇಲ್ಲ! ಮಳೆ ನಕ್ಷತ್ರಗಳದ್ದು ಸೂರ್ಯನ ಲೆಕ್ಕ. ಮೃಗಶಿರ ಮಳೆ ಯಾವ ವರ್ಷವಾದರೂ ಜೂನ್ 8ರ ಆಸುಪಾಸಿಗೇ ಹುಟ್ಟುತ್ತದೆ. ಅಂದರೆ ಮುಂದಿನ ಬೆಳೆ ಒಂದು ದಿನವೂ ಹಿಂದೆ ಹೋಗುವುದಿಲ್ಲ. ಉದ್ದವಾಗುವುದು ಕೆಟ್ಟ ಸಂವತ್ಸರ ಮಾತ್ರ. ಯಾವಾಗ ಮುಗಿಯುತ್ತದೋ ಅಂತ ಕಾಯುವವರಿಗೆ ಅಷ್ಟೇ ಸಾಕಲ್ವಾ? ಮೇಲೆ ದಾನದ ಖರ್ಚು. 33 ಅಪ್ಪ (ಬೆಲ್ಲದ ಸಿಹಿತಿಂಡಿ) ಕೊಡುವ ಪದ್ಧತಿ ಇದೆ, ಕಣಜ ಖಾಲಿ ಇದ್ದಾಗ ಬೆಲ್ಲ ಎಲ್ಲಿಂದ ತರೋದು?

2023ರಲ್ಲಿ ಗಾದೆ ಅಕ್ಷರಶಃ ನಿಜವಾಯ್ತು. ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಆ ಆಗಸ್ಟಿನಲ್ಲೇ ಮಳೆ ಕೈಕೊಟ್ಟಿತು. ಕೊನೆಗೆ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು.

'ಗಾಯದ ಮೇಲೆ ಬರೆ' ಜೊತೆ ಇದನ್ನು ಕಲಸಬೇಡಿ. ನಾನು ಸುಮ್ನೆ ಎರಡೂ ಒಂದೇ ಅಂದುಕೊಂಡಿದ್ದೆ. ಬರೆ ಎಳೆಯೋಕೆ ಒಬ್ಬರು ಬೇಕು. ಅಧಿಕಮಾಸ ಪಂಚಾಂಗದಲ್ಲಿ ಮೊದಲೇ ಬರೆದಿರುತ್ತದೆ, ಯಾರನ್ನೂ ಬೈಯೋ ಹಾಗಿಲ್ಲ.