ಗೆಲ್ಲಲು ಆಗದ ಆಟವನ್ನು ಮತ್ತೆ ಮತ್ತೆ ಯಾಕೆ ಆಡುತ್ತಾರೆ? ಪ್ರೇರಣೆ ಅಧ್ಯಾಯಕ್ಕೆ ಒಂದು ಟಿಪ್ಪಣಿ

ಮನಃಶಾಸ್ತ್ರದ ಪ್ರೇರಣೆ ಅಧ್ಯಾಯ ಓದುವಾಗ ನಮ್ಮ ಮಡಿಕೇರಿ ಗುಂಪಿನಲ್ಲಿ ಜಾಸ್ತಿ ಚರ್ಚೆ ಆದದ್ದು ಉದಾಹರಣೆಗಳ ಬಗ್ಗೆ. ವ್ಯಾಖ್ಯೆ ಎಲ್ಲರಿಗೂ ಬರುತ್ತದೆ. ಬಹುಮಾನಕ್ಕೋ ಬೈಗುಳದ ಭಯಕ್ಕೋ ಮಾಡಿದರೆ ಹೊರಗಿನ ಪ್ರೇರಣೆ. ಮಾಡುವುದೇ ಇಷ್ಟ ಅಂತ ಮಾಡಿದರೆ ಒಳಗಿನ ಪ್ರೇರಣೆ. ಆದರೆ ಆ ಇಷ್ಟ ಎಲ್ಲಿಂದ ಬರುತ್ತದೆ? ಅದನ್ನು ಬಿಡಿಸಿ ನೋಡಲು ಹಳೆಯ ಆರ್ಕೇಡ್ ವಿಡಿಯೋ ಗೇಮ್‌ಗಳಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಆಳೆತ್ತರದ ಪೆಟ್ಟಿಗೆ, ಅದರ ಮುಂದೆ ನಿಂತು ಕಾಯಿನ್ ಹಾಕಿ ಆಡುವ ಆಟ. 1972ರ ಪಾಂಗ್, 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್, 1981ರ ಡಾಂಕಿ ಕಾಂಗ್ ಎಲ್ಲ ಈ ಕಾಲದವು.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಸ್ಪೇಸ್ ಇನ್ವೇಡರ್ಸ್ ಆಗಲಿ ಪ್ಯಾಕ್‌ಮ್ಯಾನ್ ಆಗಲಿ, ಅದರಲ್ಲಿ 'ಗೆದ್ದೆ' ಅನ್ನುವ ಘಟ್ಟವೇ ಇಲ್ಲ. ಒಂದು ಲೆವೆಲ್ ಮುಗಿದರೆ ಇನ್ನೊಂದು ಬರುತ್ತದೆ, ಇನ್ನಷ್ಟು ಕಷ್ಟ ಆಗುತ್ತದೆ. ಕೊನೆಗೆ ಎಲ್ಲರೂ ಔಟ್. ಅದೂ ಅಲ್ಲದೆ ಆಡುವವನಿಗೆ ದುಡ್ಡು ಸಿಗುವುದಿಲ್ಲ, ಅವನೇ ಕೊಡಬೇಕು. ಸೋಲು ಖಚಿತ, ಖರ್ಚೂ ಇದೆ. ಆದರೂ ಜನ ಜೇಬು ತಡಕಿ ಇನ್ನೊಂದು ಕಾಯಿನ್ ಹಾಕುತ್ತಿದ್ದರು. ಬಹುಮಾನದ ಲೆಕ್ಕದಿಂದ ಇದನ್ನು ವಿವರಿಸಲು ಆಗುವುದಿಲ್ಲ, ಅಲ್ವಾ?

ಇಲ್ಲಿ ಮನಃಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿಸಿಕೊಳ್ಳಿ. ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಕ್ಯೂಬ್ ಅನ್ನುವ ಒಗಟು ಕೊಟ್ಟರು. ಒಂದು ಗುಂಪಿಗೆ ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್ ಕೊಟ್ಟು, ಆಮೇಲೆ ಅದನ್ನು ನಿಲ್ಲಿಸಿದರು. ದುಡ್ಡು ನಿಂತ ಮೇಲೆ ಆ ಗುಂಪು ಬಿಡುವಿನ ಹೊತ್ತಿನಲ್ಲಿ ಒಗಟಿನ ಕಡೆ ಕೈ ಹಾಕುವುದು ಕಡಿಮೆಯಾಯಿತು. ಸುಮ್ನೆ ಖುಷಿಗೆ ಮಾಡುತ್ತಿದ್ದ ಕೆಲಸಕ್ಕೆ ಕೂಲಿ ಕಟ್ಟಿದರೆ ಖುಷಿಯೇ ಸೊರಗಬಹುದು. ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಇದನ್ನು ಬೆಳೆಸಿ ಮನುಷ್ಯನಿಗೆ ಮೂರು ಬೇಕು ಅಂದರು: ನನ್ನ ಆಯ್ಕೆ ಅನ್ನುವ ಭಾವ, ನನಗೆ ಬರುತ್ತಿದೆ ಅನ್ನುವ ಭಾವ, ನನ್ನ ಜೊತೆ ಜನ ಇದ್ದಾರೆ ಅನ್ನುವ ಭಾವ. ಆರ್ಕೇಡ್ ಆಟಗಳಲ್ಲಿ ಎರಡನೆಯದರದ್ದೇ ದೊಡ್ಡ ಪಾಲು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೇ ಈ ಟಿಪ್ಪಣಿಯ ಬಹುಭಾಗ ಅಲ್ಲೇ ನಿಲ್ಲುತ್ತದೆ.

ನಮ್ಮೂರ ಹತ್ತಿರದ ಒಂದು ಹೋಂಸ್ಟೇಯಲ್ಲಿ ಪ್ಯಾಕ್‌ಮ್ಯಾನ್ ಪೆಟ್ಟಿಗೆ ಇಟ್ಟಿದ್ದಾರೆ. ಮಳೆ ಹಿಡಿದ ದಿನ ಪ್ರವಾಸಕ್ಕೆ ಬಂದ ಮಕ್ಕಳು ಹೊರಗೆ ಹೋಗಲಾಗದೆ ಅದರ ಸುತ್ತ ಸೇರುತ್ತಾರೆ. ಒಮ್ಮೆ ಇಬ್ಬರು ಹುಡುಗರು ಆಡುವುದನ್ನು ನೋಡುತ್ತಾ ನಿಂತಿದ್ದೆ. ದೊಡ್ಡವನು ಔಟ್ ಆದ ಕೂಡಲೇ "ಈ ಹ್ಯಾಂಡಲ್ಲೇ ಸರಿ ಇಲ್ಲ" ಅಂತ ಹೇಳಿ ಸೋಫಾದಲ್ಲಿ ಕೂತ. ಚಿಕ್ಕವನು ಔಟ್ ಆದಾಗ "ಅಯ್ಯೋ, ಆ ಮೂಲೆಗೆ ಹೋಗಬಾರದಿತ್ತು! ಅಣ್ಣಾ, ಇನ್ನೊಂದು ಸಲ ಆಡ್ಲಾ?" ಅಂದ. ಊಟಕ್ಕೆ ಕರೆಯುವವರೆಗೂ ಅವನು ಅಲ್ಲಿಂದ ಕದಲಲಿಲ್ಲ.

ಮನಃಶಾಸ್ತ್ರಜ್ಞ ಬರ್ನಾರ್ಡ್ ವೈನರ್ ಹೇಳಿದ್ದು ಇದನ್ನೇ. ಸೋತದ್ದಕ್ಕಿಂತ, ಸೋಲಿಗೆ ನಾವು ಕೊಟ್ಟುಕೊಳ್ಳುವ ಕಾರಣ ಮುಖ್ಯ. ಕಾರಣದ ಬಗ್ಗೆ ಮೂರು ಪ್ರಶ್ನೆ ಕೇಳಬೇಕು. ಅದು ನನ್ನೊಳಗಿನದೋ ಹೊರಗಿನದೋ? ಯಾವಾಗಲೂ ಹಾಗೇ ಇರುತ್ತದೋ ಬದಲಾಗುತ್ತದೋ? ನನ್ನ ಹಿಡಿತದಲ್ಲಿದೆಯೋ ಇಲ್ಲವೋ? "ಹ್ಯಾಂಡಲ್ ಸರಿ ಇಲ್ಲ" ಅಂದರೆ ಹೊರಗಿನ ಕಾರಣ, ಹಿಡಿತದಲ್ಲಿಲ್ಲ. "ಆ ಮೂಲೆಗೆ ಹೋಗಬಾರದಿತ್ತು" ಅಂದರೆ ಒಳಗಿನದು, ಬದಲಾಗುವಂಥದ್ದು, ನನ್ನ ಕೈಯಲ್ಲೇ ಇರುವುದು. ಹೀಗೆ ಯೋಚಿಸುವವನು ಮತ್ತೆ ಆಡುತ್ತಾನೆ.

ಆ ಎರಡನೇ ಬಗೆಯ ಮಾತನ್ನು ಆಟವೇ ನಮ್ಮ ಬಾಯಿಂದ ಹೊರಡಿಸುತ್ತದೆ. ಪ್ಯಾಕ್‌ಮ್ಯಾನ್ ರೂಪಿಸಿದವರು ಜಪಾನಿನ ನಾಮ್ಕೋ ಕಂಪನಿಯ ತೋರು ಇವಾತಾನಿ. ಅದರಲ್ಲಿ ನೀವು ಸುತ್ತುಬಳಸಿನ ದಾರಿಗಳಲ್ಲಿ ಓಡುತ್ತಾ ಚುಕ್ಕೆಗಳನ್ನು ತಿನ್ನಬೇಕು, ನಾಲ್ಕು ಭೂತಗಳು ಬೆನ್ನಟ್ಟುತ್ತವೆ. ಹೊಸಬರಿಗೆ ನಾಲ್ಕೂ ಒಂದೇ ಥರ ಕಾಣುತ್ತವೆ. ಆದರೆ ಕೆಂಪು ಭೂತ ನೀವಿರುವ ಜಾಗಕ್ಕೇ ಬರುತ್ತದೆ. ಗುಲಾಬಿ ಭೂತ ನೀವು ಮುಖ ಮಾಡಿದ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದಿನ ಜಾಗಕ್ಕೆ ಗುರಿ ಇಡುತ್ತದೆ, ಅಂದರೆ ದಾರಿಗೆ ಅಡ್ಡ ಹಾಕುತ್ತದೆ. ನೀಲಿಯದು ಕೆಂಪು ಭೂತ ಎಲ್ಲಿದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಕಿತ್ತಳೆ ಬಣ್ಣದ್ದು ದೂರ ಇದ್ದಾಗ ಬೆನ್ನಟ್ಟಿ ಬರುತ್ತದೆ, ಎಂಟು ಚೌಕದೊಳಗೆ ಬಂದರೆ ತನ್ನ ಮೂಲೆಯ ಕಡೆ ತಿರುಗುತ್ತದೆ. ನೀವು ಪ್ರತಿ ಸಲ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ತಿರುಗಿದರೆ ಭೂತಗಳೂ ಅದೇ ದಾರಿ ಹಿಡಿಯುತ್ತವೆ. ಹಾಗಾಗಿ ಸೋಲಿಗೆ ಅದೃಷ್ಟವನ್ನು ಬೈಯಲು ಜಾಗವೇ ಇಲ್ಲ. ಹತ್ತಾರು ಸಲ ಆಡಿದವರಿಗೆ "ಗುಲಾಬಿ ಬರುತ್ತೆ, ಈಗ ಎಡಕ್ಕೆ ತಿರುಗಬೇಕು" ಅಂತ ಕೈಗೇ ಗೊತ್ತಾಗುತ್ತದೆ. ಗೊಂದಲವಾಗಿ ಕಂಡದ್ದರಲ್ಲಿ ಒಂದು ನಿಯಮ ಕಾಣುವ ಆ ಕ್ಷಣ ಇದೆಯಲ್ಲ, ಅದರ ಖುಷಿಗೆ ಸ್ಕೋರ್ ಸಮ ಅಲ್ಲ.

ಇದನ್ನು ಜೂಜಿನ ಮೆಷಿನ್ ಜೊತೆ ಬೆರೆಸಬೇಡಿ. ಮನಃಶಾಸ್ತ್ರಜ್ಞ ಸ್ಕಿನ್ನರ್ ಅವರ ಪಾಠದಲ್ಲಿ ಬರುವ, ಯಾವಾಗ ಸಿಗುತ್ತದೆ ಅಂತ ಹೇಳಲಾಗದ ಬಹುಮಾನದ ಕ್ರಮ ಜೂಜಿಗೆ ಸರಿಯಾಗಿ ಹೊಂದುತ್ತದೆ. ಅಲ್ಲಿ ಎಷ್ಟು ಆಡಿದರೂ ಕೈ ಪಳಗುವುದಿಲ್ಲ. ಇಲ್ಲಿ ಪಳಗುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಬರೀ ಚಟ.

ಥಾಮಸ್ ಮಲೋನ್ ಅನ್ನುವ ಸಂಶೋಧಕರು 1980ರ ಸುಮಾರಿಗೆ ಇನ್ನೊಂದು ಜಾಣ ಕೆಲಸ ಮಾಡಿದರು. ಚೆಂಡು ಹೊಡೆದು ಇಟ್ಟಿಗೆ ಗೋಡೆ ಒಡೆಯುವ ಬ್ರೇಕ್‌ಔಟ್ ಆಟವನ್ನು ತಗೊಂಡು, ಒಂದರಲ್ಲಿ ಸ್ಕೋರ್ ಇಲ್ಲ, ಇನ್ನೊಂದರಲ್ಲಿ ಇಟ್ಟಿಗೆ ಒಡೆಯುವುದಿಲ್ಲ, ಹೀಗೆ ಬೇರೆ ಬೇರೆ ರೂಪ ಮಾಡಿ ಆಡಿಸಿದರು. ಎಲ್ಲಕ್ಕಿಂತ ಹೆಚ್ಚು ಮುಖ್ಯವಾದದ್ದು ಇಟ್ಟಿಗೆ ಒಡೆಯುವುದು. ಗುರಿ ಏನು, ಎಷ್ಟು ಆಯಿತು, ಎಷ್ಟು ಉಳಿದಿದೆ, ಎಲ್ಲ ಆ ಗೋಡೆಯಲ್ಲೇ ಕಾಣುತ್ತದೆ. ಆಟ ಖುಷಿ ಕೊಡಲು ಸವಾಲು, ಕಲ್ಪನೆ, ಕುತೂಹಲ ಬೇಕು ಅನ್ನುವುದು ಮಲೋನ್ ಮಾತು. ಪರೀಕ್ಷೆಗೆ ಈ ಮೂರನ್ನೂ ಬರೆಯಿರಿ, ಆದರೆ ಬ್ರೇಕ್‌ಔಟ್ ಉದಾಹರಣೆ ಬಿಡಬೇಡಿ.

ಸವಾಲು ಅಂದಾಗ ಸ್ಪೇಸ್ ಇನ್ವೇಡರ್ಸ್ ನೋಡಲೇಬೇಕು. ತೊಮೊಹಿರೊ ನಿಶಿಕಾಡೊ ಮಾಡಿದ ಆಟ ಅದು. ಐದು ಸಾಲು, ಸಾಲಿಗೆ ಹನ್ನೊಂದು, ಒಟ್ಟು 55 ಶತ್ರುಗಳು. ಆಗಿನ ಪ್ರೊಸೆಸರ್‌ಗೆ ಅಷ್ಟನ್ನೂ ಬಿಡಿಸಿ ತೋರಿಸುವುದು ಭಾರ ಆಗುತ್ತಿತ್ತು. ಕೆಲವು ಸತ್ತರೆ ಭಾರ ಇಳಿದು, ಉಳಿದವು ವೇಗವಾಗಿ ಸಾಗುತ್ತಿದ್ದವು. ನಿಶಿಕಾಡೊ ಅದನ್ನು ಸರಿಪಡಿಸಲು ಹೋಗದೆ ಹಾಗೇ ಬಿಟ್ಟರು. ನೀವು ಚೆನ್ನಾಗಿ ಆಡಿದಷ್ಟೂ ಆಟ ಕಷ್ಟ ಆಗುತ್ತದೆ. ಮನಃಶಾಸ್ತ್ರಜ್ಞ ಚಿಕ್‌ಸೆಂಟ್‌ಮಿಹಾಯಿ ಹೇಳುವ ತಲ್ಲೀನತೆ ಹುಟ್ಟುವುದು ಇಂಥ ಜಾಗದಲ್ಲೇ. ಸವಾಲು ಕಡಿಮೆಯಾದರೆ ಬೇಜಾರು, ಜಾಸ್ತಿಯಾದರೆ ಗಾಬರಿ, ಕೈಚಳಕಕ್ಕೆ ಸರಿಸಮ ಇದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಇನ್ನು ಜನರ ವಿಷಯ. 1979ರ ಆಸ್ಟರಾಯ್ಡ್ಸ್ ಆಟದಲ್ಲಿ ಹೆಚ್ಚು ಸ್ಕೋರ್ ಮಾಡಿದವರು ಮೂರು ಅಕ್ಷರ ಬರೆದು ಹೋಗಬಹುದಿತ್ತು. ಕರೆಂಟ್ ಹೋದರೆ ಆ ಪಟ್ಟಿಯೂ ಅಳಿಸಿಹೋಗುತ್ತಿತ್ತು. ಆದರೂ ಬರೆಯುತ್ತಿದ್ದರು, ಯಾಕೆಂದರೆ ಮುಂದೆ ಬರುವವರು ನೋಡುತ್ತಾರೆ. ಕೊಡಗಿನವರಿಗೆ ಇದು ಹೊಸದಲ್ಲ. ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ. ಕಾಯಿ ಒಡೆದರೆ ಹೊಡೆದವರಿಗಿಂತ ಮೊದಲು ಸುತ್ತ ನಿಂತವರು ಕೂಗುತ್ತಾರೆ. ನೋಡುವ ಕಣ್ಣುಗಳಿದ್ದರೆ 'ನನಗೆ ಬರುತ್ತಿದೆ' ಅನ್ನುವ ಭಾವಕ್ಕೆ ಬಲ ಬರುತ್ತದೆ. ಆದರೆ ಒಬ್ಬರೇ ಕೂತು ಗಂಟೆಗಟ್ಟಲೆ ಆಡುವವರೂ ಇದ್ದಾರೆ. ಹಾಗಾಗಿ ಜನ ಇರುವುದು ಪ್ರೇರಣೆಯನ್ನು ಹೆಚ್ಚಿಸುತ್ತದೆ, ಹುಟ್ಟಿಸುವುದಿಲ್ಲ ಅಂತ ನಾನು ಬರೆದುಕೊಂಡಿದ್ದೇನೆ. ಒಪ್ಪದವರು ವಾದ ಮಾಡಿ.

ಗುಂಪಿನಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಎಲ್ಲ ಕಲಿತು ಮುಗಿದರೆ? ಪ್ಯಾಕ್‌ಮ್ಯಾನ್‌ನಲ್ಲಿ ಲೆವೆಲ್ ಎಣಿಸಲು ಎಂಟು ಬಿಟ್ ಜಾಗ ಮಾತ್ರ ಇದೆ, ಅಂದರೆ 255ರವರೆಗೆ ಮಾತ್ರ ಎಣಿಸಬಹುದು. 256ನೇ ಲೆವೆಲ್‌ನಲ್ಲಿ ಲೆಕ್ಕ ತಪ್ಪಿ ಪರದೆಯ ಬಲ ಅರ್ಧ ಕಲಸುಮೇಲೋಗರ ಆಗುತ್ತದೆ, ಮುಂದೆ ದಾರಿ ಇಲ್ಲ. ಅಲ್ಲಿಯವರೆಗೆ ಒಂದೂ ಲೈಫ್ ಕಳೆಯದೆ, ಒಂದು ಚುಕ್ಕೆಯನ್ನೂ ಬಿಡದೆ ಆಡಿದರೆ ಸಿಗುವ ಗರಿಷ್ಠ ಸ್ಕೋರ್ 33,33,360. ಅದನ್ನು ಮುಟ್ಟಿದವರು ಆಮೇಲೆ ಅದನ್ನೇ ಇನ್ನೂ ಕಡಿಮೆ ಹೊತ್ತಿನಲ್ಲಿ ಮಾಡಲು ಹೊರಟರು. ಆಟ ಕೊಡುವ ಗುರಿ ಮುಗಿದಾಗ ತಾವೇ ಗುರಿ ಹಾಕಿಕೊಂಡರು. ಡೆಸಿ ಮತ್ತು ರಯಾನ್ ಹೇಳಿದ ಮೊದಲನೆಯದು, ನನ್ನ ಆಯ್ಕೆ ಅನ್ನುವ ಭಾವ, ಇಲ್ಲಿ ಎದ್ದು ಕಾಣುತ್ತದೆ.

ಮುಂದಿನ ಸಲ ಸೇರುವ ಮೊದಲು ಎಲ್ಲರೂ ಇದನ್ನು ಮಾಡಿ ಬನ್ನಿ. ಪ್ಯಾಕ್‌ಮ್ಯಾನ್ ಸ್ವಲ್ಪ ಹೊತ್ತು ಆಡಿ, ಆಮೇಲೆ 1982ರ ಮಿಸ್ ಪ್ಯಾಕ್‌ಮ್ಯಾನ್ ಆಡಿ. ಎರಡನೆಯದರಲ್ಲಿ ಭೂತಗಳ ನಡೆಗೆ ಸ್ವಲ್ಪ ಅಂದಾಜಿಗೆ ಸಿಗದ ಗುಣ ಸೇರಿಸಿದ್ದಾರೆ, ದಾರಿ ಬಾಯಿಪಾಠ ಮಾಡಿದರೆ ಸಾಲದು. ಪ್ರತಿ ಸಲ ಔಟ್ ಆದ ಕೂಡಲೇ ಬಾಯಿಗೆ ಬಂದ ಮೊದಲ ಮಾತನ್ನು ಬರೆದಿಡಿ. ತಿದ್ದಬೇಡಿ. ವೈನರ್ ಅವರ ಮೂರು ಪ್ರಶ್ನೆಗಳನ್ನು ಆ ಮಾತುಗಳಿಗೆ ಹಾಕಿ, ಯಾವ ಆಟದಲ್ಲಿ "ನನ್ನ ಕೈಯಲ್ಲಿತ್ತು" ಅನ್ನುವ ಉತ್ತರ ಜಾಸ್ತಿ ಬಂತು, ಯಾವುದನ್ನು ಇನ್ನೊಮ್ಮೆ ಆಡಬೇಕು ಅನ್ನಿಸಿತು ಅಂತ ಪಕ್ಕದಲ್ಲಿ ಗುರುತು ಹಾಕಿ. ಎಲ್ಲರ ಹಾಳೆಗಳನ್ನೂ ಒಟ್ಟಿಗೆ ಇಟ್ಟು ನೋಡೋಣ.