ಪಂಪು ಚೆನ್ನಾಗಿದೆ, ಬಾಗಿಲು ತೆರೆಯುತ್ತಿಲ್ಲ

"ಮಲಗಿದ್ರೆ ದಮ್ಮು ಕಟ್ತದೆ ಸಾರ್. ಮೂರು ದಿಂಬು ಇಟ್ಕೊಂಡು ಕೂತೇ ರಾತ್ರಿ ಕಳೀತಾಳೆ" ಅಂತ ಅತ್ತೆ ಹೇಳುತ್ತಿದ್ದರು. ಸೊಸೆಗೆ 24 ವರ್ಷ, ಆರು ತಿಂಗಳ ಬಸುರಿ. ಮಾತಾಡುವಾಗ ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದಳು. ಒಂದು ಕಡೆ ಉಬ್ಬಸ ಅಂತ ಬಾಯಿಗೆ ಹಿಡಿದು ಎಳೆಯುವ ಪಂಪ್ ಕೊಟ್ಟಿದ್ದರು. ಇನ್ನೊಂದು ಕಡೆ ರಕ್ತ ಕಡಿಮೆ, ಬಸುರಿನಲ್ಲಿ ಇದೆಲ್ಲ ಸಹಜ ಅಂದಿದ್ದರು. ಮಾವನ ಕೈಯಲ್ಲಿ ಒಂದು ಹಳೇ ಚೀಟಿ ಇತ್ತು. ಎರಡು ವರ್ಷದ ಹಿಂದೆ ಯಾವುದೋ ತಪಾಸಣಾ ಶಿಬಿರದಲ್ಲಿ ಮಾಡಿಸಿದ ಎಕೋ, ಅಂದರೆ ಶಬ್ದದ ಅಲೆ ಬಿಟ್ಟು ಹೃದಯ ನೋಡುವ ಪರೀಕ್ಷೆ. ಅದರಲ್ಲಿ ಇದ್ದದ್ದು ಒಂದೇ ಸಾಲು: ಇ.ಎಫ್. 60%, ಪಂಪಿಂಗ್ ನಾರ್ಮಲ್.

"ಹಾರ್ಟು ಚೆನ್ನಾಗಿದೆ ಅಂತ ಬರ್ದಿದಾರಲ್ಲ ಸಾರ್?" ಅಂತ ಕೇಳಿದರು.

ಅವಳನ್ನು ಎಡಮಗ್ಗುಲಿಗೆ ಮಲಗಿಸಿದೆ. ಪೂರ್ತಿ ಮಲಗಲು ಆಗಲಿಲ್ಲ, ಮಂಚದ ತಲೆಭಾಗ ಎತ್ತಬೇಕಾಯಿತು. ಜೆಲ್ ಹಚ್ಚಿ ಎದೆಯ ಎಡಭಾಗದಲ್ಲಿ, ಪಕ್ಕೆಲುಬಿನ ಸಂದಿಯಲ್ಲಿ ಎಕೋ ಯಂತ್ರದ ಪ್ರೋಬ್ ಇಟ್ಟೆ. ಒಂದೇ ನಿಮಿಷಕ್ಕೆ ಗೊತ್ತಾಯಿತು. ಹೃದಯದ ಎಡಗಡೆ ಮೇಲಿನ ಕೋಣೆ ಉಬ್ಬಿ ದೊಡ್ಡದಾಗಿತ್ತು. ಅದಕ್ಕೂ ಕೆಳಗಿನ ಕೋಣೆಗೂ ನಡುವೆ ಇರುವ ಮೈಟ್ರಲ್ ವಾಲ್ವ್ ತೆರೆಯಲು ಒದ್ದಾಡುತ್ತಿತ್ತು. ಅದರ ಎಸಳುಗಳ ಅಂಚು ಒಂದಕ್ಕೊಂದು ಅಂಟಿಕೊಂಡು, ನಡುಭಾಗ ಮಾತ್ರ ಹಾಕಿ ಕೋಲಿನ ಹಾಗೆ ಬಾಗುತ್ತಿತ್ತು. ಪ್ರೋಬ್ ತಿರುಗಿಸಿ ಅಡ್ಡಲಾಗಿ ನೋಡಿದರೆ ಮೀನಿನ ಬಾಯಿಯಷ್ಟು ಸಣ್ಣ ಸೀಳು. ಅಳೆದೆ, 0.9 ಚದರ ಸೆಂಟಿಮೀಟರ್. ಆರೋಗ್ಯವಂತರಲ್ಲಿ ಅದು 4ರಿಂದ 6 ಇರುತ್ತದೆ.

ಇ.ಎಫ್. ಆಗಲೂ 60 ಶೇಕಡಾ ಇತ್ತು. ಆ ಚೀಟಿ ಸುಳ್ಳು ಹೇಳಿರಲಿಲ್ಲ.

ಇ.ಎಫ್. ಹೇಳುವುದು ಇಷ್ಟೇ: ಎಡಗಡೆ ಕೆಳಗಿನ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅಂತ. ಆ ಕೋಣೆಗೆ ರಕ್ತ ಬಂದು ಸೇರುತ್ತಿದೆಯೇ ಅನ್ನುವುದನ್ನು ಅದು ಹೇಳುವುದಿಲ್ಲ. ನಾನು ಇದನ್ನು ವಿವರಿಸುತ್ತಿದ್ದ ಹಾಗೆ ಆ ಮಾವನೇ ಹೇಳಿದರು, "ಅಂದ್ರೆ ಮೋಟ್ರು ಸರಿಯಿದೆ, ಫುಟ್‌ವಾಲ್ವ್ ಕಟ್ಕೊಂಡಿದೆ ಅನ್ನಿ." ಬೋರ್‌ವೆಲ್, ಬಾವಿ ಅಂತ ಬಾಳಿದವರು. ನನಗಿಂತ ಚೆನ್ನಾಗಿ ಹೇಳಿದರು. ಈಗ ನಾನೂ ಎಲ್ಲರಿಗೂ ಹಾಗೇ ಹೇಳುತ್ತೇನೆ.

ಈ ಎಕೋ ಯಂತ್ರ ಹುಟ್ಟಿದ್ದೇ ಹೆಚ್ಚುಕಡಿಮೆ ಈ ವಾಲ್ವಿಗಾಗಿ. ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಅನ್ನುವ ಡಾಕ್ಟರಿಗೆ ಒಂದು ಚಿಂತೆ ಕಾಡುತ್ತಿತ್ತು. ಮೈಟ್ರಲ್ ವಾಲ್ವ್ ಆಪರೇಷನ್‌ಗೆ ಮುಂಚೆ ಅದು ಅಂಟಿಕೊಂಡಿದೆಯೋ, ಸೋರುತ್ತಿದೆಯೋ ಅಂತ ಖಚಿತವಾಗಿ ತಿಳಿಯುವುದು ಹೇಗೆ? ಭೌತವಿಜ್ಞಾನಿ ಹೆಲ್‌ಮುಟ್ ಹರ್ಟ್ಸ್ ಜತೆಯಾದರು. ಹಡಗು ಕಟ್ಟುವ ಕಡೆ ಕಬ್ಬಿಣದಲ್ಲಿ ಬಿರುಕು ಹುಡುಕಲು ಶಬ್ದದ ಅಲೆ ಬಿಡುವ ಯಂತ್ರ ಬಳಸುತ್ತಿದ್ದರು. ಅಂಥದ್ದೇ ಒಂದನ್ನು ತಂದು 1953ರ ಅಕ್ಟೋಬರ್‌ನಲ್ಲಿ ಎದೆಗೆ ಹಿಡಿದರು. ಹೃದಯದ ಗೋಡೆ ಅಲುಗುವುದು ಗೆರೆಗಳಾಗಿ ಕಂಡಿತು. ನಾವು ಇವತ್ತು ಕಾಣುವಂಥ ಚಿತ್ರ ಅಲ್ಲ, ಬರೀ ಗೆರೆ. ಆ ಗೆರೆಯ ಇಳಿಜಾರು ನೋಡಿಯೇ ಎಡ್ಲರ್ ವಾಲ್ವ್ ಅಂಟಿದೆ ಅಂತ ಹೇಳುತ್ತಿದ್ದರು. ಆ ಗೆರೆಗಳನ್ನು ನೋಡಿದಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಉಕ್ಕುತ್ತದೆ.

ಆಮೇಲೆ ಡಾಪ್ಲರ್ ಬಂತು. ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಅಂತ ಅದರಿಂದ ತಿಳಿಯುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಹೆಬ್ಬೆರಳಿಂದ ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದೆ, ಅಲ್ವಾ? ಇಕ್ಕಟ್ಟಾದ ವಾಲ್ವಿನಲ್ಲೂ ಹಾಗೇ. ವೇಗ ಗೊತ್ತಾದರೆ ಒತ್ತಡವನ್ನು ಲೆಕ್ಕ ಹಾಕಬಹುದು. ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 4ರಿಂದ ಗುಣಿಸಬೇಕು, ಅಷ್ಟೇ. ಸೆಕೆಂಡಿಗೆ 2 ಮೀಟರ್ ವೇಗ ಇದ್ದರೆ 2×2×4, ಅಂದರೆ ಎರಡು ಕೋಣೆಗಳ ನಡುವೆ ಪಾದರಸದ ಅಳತೆಯಲ್ಲಿ 16 ಮಿಲಿಮೀಟರ್ ಒತ್ತಡದ ವ್ಯತ್ಯಾಸ. ನಾರ್ವೆಯ ಲಿವ್ ಹಾಟ್ಲೆ ಮತ್ತು ಅವರ ಜತೆಯವರು 1970ರ ದಶಕದ ಕೊನೆಗೆ ಇದನ್ನು ರೋಗಿಗಳಲ್ಲಿ ಮಾಡಿ ತೋರಿಸಿದರು. ಅದಕ್ಕೆ ಮುಂಚೆ ಈ ಸಂಖ್ಯೆ ಬೇಕೆಂದರೆ ರಕ್ತನಾಳದ ಮೂಲಕ ಹೃದಯದೊಳಗೆ ಟ್ಯೂಬ್ ಹಾಕಲೇಬೇಕಿತ್ತು.

ನಮ್ಮ ಹುಡುಗಿಯ ವಾಲ್ವ್ ಹೀಗಾಗಿದ್ದು ಹೇಗೆ? ಚಿಕ್ಕಂದಿನಲ್ಲಿ ಜ್ವರ ಬಂದು ಕೀಲು ಊದಿತ್ತಾ ಅಂತ ಕೇಳಿದೆ. ಅವಳ ತಾಯಿಗೆ ಫೋನ್ ಮಾಡಿದರು. ಐದನೇ ಕ್ಲಾಸಿನಲ್ಲಿದ್ದಾಗ ಮೊದಲು ಮಂಡಿ, ಆಮೇಲೆ ಮಣಿಕಟ್ಟು ಊದಿ ತಿಂಗಳುಗಟ್ಟಲೆ ಸ್ಕೂಲಿಗೆ ಹೋಗಿರಲಿಲ್ಲವಂತೆ. ಇದು ರುಮ್ಯಾಟಿಕ್ ಜ್ವರ. ಶುರುವಾಗುವುದು ಒಂದು ಬಗೆಯ ಗಂಟಲು ಸೋಂಕಿನಿಂದ. ಕೀಲುನೋವು ಬಂದು ಹೋಗುತ್ತದೆ, ವಾಲ್ವಿಗೆ ಆದ ಗಾಯ ಉಳಿದುಬಿಡುತ್ತದೆ. ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಬಸುರಾದಾಗ ಮೈಯಲ್ಲಿ ರಕ್ತ 40-50 ಶೇಕಡಾ ಹೆಚ್ಚುತ್ತದೆ, ಬಡಿತವೂ ಜೋರಾಗುತ್ತದೆ. ಸಣ್ಣ ಬಾಗಿಲಲ್ಲಿ ಅಷ್ಟು ರಕ್ತ ನುಗ್ಗಲು ಪುರುಸೊತ್ತೇ ಸಿಗುವುದಿಲ್ಲ. ಹಿಂದೆ ನಿಂತ ರಕ್ತ ಶ್ವಾಸಕೋಶಕ್ಕೆ ಒತ್ತುತ್ತದೆ. ಅದನ್ನೇ ಉಬ್ಬಸ ಅಂದುಕೊಳ್ಳುತ್ತೇವೆ. ಬಸುರಿ ಹೆಂಗಸು ಮಲಗಲಾಗದೆ ಎದ್ದು ಕೂರುತ್ತಾಳೆ ಅಂದರೆ ದಯವಿಟ್ಟು ಒಂದು ಎಕೋ ಮಾಡಿಸಿ. ಇದರಲ್ಲಿ ಎಕ್ಸ್‌ರೇ ಇಲ್ಲ, ಮಗುವಿಗೆ ತೊಂದರೆ ಇಲ್ಲ.

ಬಡಿತ ನಿಧಾನ ಮಾಡುವ ಮಾತ್ರೆ, ನೀರಿಳಿಸುವ ಇಂಜೆಕ್ಷನ್ ಕೊಟ್ಟೆವು. ಸ್ವಲ್ಪ ಹಗುರಾಯಿತು, ಆದರೆ ಸಾಲದು. ಬಲೂನ್ ಮಾಡಲೇಬೇಕಿತ್ತು. ತೊಡೆಸಂದಿಯ ರಕ್ತನಾಳದಿಂದ ಬಲೂನ್ ಒಯ್ದು ವಾಲ್ವಿನ ನಡುವೆ ಉಬ್ಬಿಸಿ, ಅಂಟಿದ ಅಂಚುಗಳನ್ನು ಬಿಡಿಸುವುದು. ಜಪಾನಿನ ಕಾಂಜಿ ಇನೋವೆ ಇದನ್ನು 1984ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಸಾವಿರಾರು ಬಡವರಿಗೆ ಇದರಿಂದ ಎದೆ ಸೀಳದೆಯೇ ಗುಣವಾಗಿದೆ.

ಎಲ್ಲ ವಾಲ್ವಿಗೂ ಬಲೂನ್ ಒಗ್ಗುವುದಿಲ್ಲ. ಎಸಳು ಎಷ್ಟು ದಪ್ಪಗಿದೆ, ಎಷ್ಟು ಅಲುಗುತ್ತದೆ, ಸುಣ್ಣ ಕಟ್ಟಿದೆಯಾ, ಎಸಳನ್ನು ಕೆಳಗಿನಿಂದ ಹಿಡಿದಿರುವ ದಾರಗಳು ಗಂಟುಹಾಕಿಕೊಂಡಿವೆಯಾ ಅಂತ ಎಕೋದಲ್ಲಿ ನೋಡಿ ಅಂಕ ಹಾಕುತ್ತೇವೆ. ಒಟ್ಟು 16 ಅಂಕ. 8 ಅಥವಾ ಕಡಿಮೆ ಇದ್ದರೆ ಒಳ್ಳೆಯದು. ಅವಳದು 7 ಇತ್ತು. ಮೇಲಿನ ಕೋಣೆಯ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ಅನ್ನನಾಳದೊಳಗೆ ತೆಳುವಾದ ಪ್ರೋಬ್ ಇಳಿಸಿ ನೋಡಿದೆವು. ಇರಲಿಲ್ಲ. ಇದ್ದಿದ್ದರೆ ಬಲೂನ್ ತಾಗಿ ಅದು ಕಿತ್ತುಕೊಂಡು ಮೆದುಳಿಗೆ ಹೋಗಬಹುದಿತ್ತು.

ಹೊಟ್ಟೆಗೆ ಸೀಸದ ಹೊದಿಕೆ ಸುತ್ತಿದೆವು. ಎಕ್ಸ್‌ರೇ ಆದಷ್ಟು ಕಡಿಮೆ ಬಳಸಿದರು. ಬಲೂನ್ ಉಬ್ಬಿಸಿದ ಪ್ರತಿ ಸಲವೂ ನಾನು ಪ್ರೋಬ್ ಹಿಡಿದು ನೋಡಬೇಕು: ಎಷ್ಟು ತೆರೆಯಿತು, ಸೋರಲು ಶುರುವಾಯಿತಾ? ಅತಿಯಾಸೆಯಿಂದ ಜಾಸ್ತಿ ಉಬ್ಬಿಸಿದರೆ ಎಸಳು ಹರಿಯುತ್ತದೆ. ಎರಡನೇ ಸಲಕ್ಕೆ 1.8 ಬಂತು, ಸೋರಿಕೆ ಇಲ್ಲ. "ಸಾಕು" ಅಂದೆ. ಆ ರಾತ್ರಿ ಅವಳು ಒಂದೇ ದಿಂಬಿನಲ್ಲಿ ಮಲಗಿದಳು.

ಎಕೋ ರಿಪೋರ್ಟ್ ಕೈಗೆ ಬಂದ ಕೂಡಲೇ ಇ.ಎಫ್. ಮಾತ್ರ ನೋಡುವ ಅಭ್ಯಾಸ ಎಲ್ಲೆಡೆ ಇದೆ. ಪರೀಕ್ಷೆಯ ಮಾರ್ಕ್ಸ್ ನೋಡಿದ ಹಾಗೆ. ಹೋದ ಸಲ 58 ಇತ್ತು, ಈಗ 55 ಆಗಿದೆ ಅಂತ ಗಾಬರಿಯಾಗಿ ಬರುತ್ತಾರೆ. ಅಷ್ಟು ವ್ಯತ್ಯಾಸ ಅಳತೆಯಲ್ಲೇ ಬರುತ್ತದೆ, ಸುಮ್ನೆ ಹೆದರಬೇಡಿ. ಮೈಟ್ರಲ್ ವಾಲ್ವ್ ಸೋರುವವರಲ್ಲಿ ಮಾತ್ರ ಲೆಕ್ಕವೇ ಬೇರೆ. ರಕ್ತ ಹಿಂದಕ್ಕೂ ಸುಲಭವಾಗಿ ಹೋಗುವುದರಿಂದ ಇ.ಎಫ್. ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸೋರಿಕೆ ಜೋರಾಗಿದ್ದು ಇ.ಎಫ್. 60ಕ್ಕೆ ಇಳಿದರೆ ಆಪರೇಷನ್ ಯೋಚನೆ ಶುರು ಮಾಡಬೇಕು. ಬೇರೆಯವರಿಗೆ ಅದೇ 60 ಪೂರ್ತಿ ನಾರ್ಮಲ್.

ಇನ್ನೊಂದು ಮಾತು ದಿನಾ ಕೇಳುತ್ತೇನೆ: "ಎಕೋ ನಾರ್ಮಲ್ ಬಂತು, ಹಾಗಾದ್ರೆ ಬ್ಲಾಕ್ ಇಲ್ಲ ಅಲ್ವಾ ಸಾರ್?" ಹಾಗಲ್ಲ. ಹೃದಯದ ರಕ್ತನಾಳಗಳೊಳಗಿನ ಬ್ಲಾಕ್ ಮಾಮೂಲಿ ಎಕೋದಲ್ಲಿ ಕಾಣುವುದಿಲ್ಲ. ಕಾಣುವುದು ಮಾಂಸಖಂಡ. ಕಾಲುವೆ ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದರೂ ಗದ್ದೆ ಹಸಿರಾಗೇ ಇರಬಹುದು. ನಡೆದರೆ ಎದೆ ಹಿಡಿದುಕೊಳ್ಳುತ್ತದೆ ಅನ್ನುವವರು ಎಕೋ ನಾರ್ಮಲ್ ಅಂತ ಸುಮ್ಮನಾಗಬಾರದು. ಓಡಿಸಿ ಅಥವಾ ಔಷಧಿ ಕೊಟ್ಟು ಬಡಿತ ಹೆಚ್ಚಿಸಿ ಮಾಡುವ ಸ್ಟ್ರೆಸ್ ಎಕೋ ಇದೆ, ಬೇರೆ ಪರೀಕ್ಷೆಗಳೂ ಇವೆ.

ಆ ಹುಡುಗಿಗೆ ಹೆಣ್ಣುಮಗು ಹುಟ್ಟಿತು. ರುಮ್ಯಾಟಿಕ್ ಜ್ವರ ಮತ್ತೆ ಬಾರದಿರಲಿ ಅಂತ ತಾಯಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ನಡೆಯುತ್ತಿದೆ. ತುಂಬಾ ನೋಯುವ ಇಂಜೆಕ್ಷನ್, ಆದರೂ ತಪ್ಪಿಸಿಲ್ಲ. ವರ್ಷಕ್ಕೊಮ್ಮೆ ಎಕೋಗೆ ಬರುತ್ತಾಳೆ. ಹೋದ ಸಲ ವಾಲ್ವ್ 1.7 ಇತ್ತು. ಜೆಲ್ ಒರೆಸಿಕೊಂಡು ಎದ್ದವಳು, ಬಾಗಿಲ ಬಳಿ ನಿಂತಿದ್ದ ಮಗಳನ್ನು ಮುಂದಕ್ಕೆ ಎಳೆದಳು. "ಇವಳಿಗೆ ಎರಡು ದಿನದಿಂದ ಗಂಟ್ಲು ನೋವು ಸಾರ್, ಒಂದ್ಸಲ ನೋಡಿ." ಟಾರ್ಚ್ ಹಾಕಿ ನೋಡಿದೆ. ಕೆಂಪಗಿತ್ತು. ಮಕ್ಕಳ ಡಾಕ್ಟರಿಗೆ ಚೀಟಿ ಬರೆದು, ಇವತ್ತೇ ತೋರಿಸಿ ಅಂದೆ.