ಓಡುವಾಗ ತಣ್ಣಗೆ, ನಿಂತಾಗ ಬಿಸಿ

ಟೋಲ್ ಗೇಟಿನ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಕೆಂಪಿನತ್ತ ಏರುತ್ತದೆ. ಸಾಲು ಕರಗಿ ಲಾರಿ ನಲವತ್ತರ ವೇಗ ಹಿಡಿದರೆ ಮುಳ್ಳು ತಾನಾಗಿಯೇ ಇಳಿಯುತ್ತದೆ. ಇದನ್ನು ಕೇಳಿದ ತಕ್ಷಣ ‘ಥರ್ಮೋಸ್ಟಾಟ್ ಕಿತ್ತುಹಾಕು’ ಎನ್ನುವವರು ಇಂದಿಗೂ ಬಹಳ ಮಂದಿ. ಇಂಜಿನ್ ಬಿಸಿಯೇರಿದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ ಅದು. ದಯವಿಟ್ಟು ಕೀಳಬೇಡಿ. ಥರ್ಮೋಸ್ಟಾಟ್ ಕೆಟ್ಟು ಮುಚ್ಚಿಕೊಂಡಿದ್ದರೆ ಓಡುವಾಗಲೇ ಇಂಜಿನ್ ಕುದಿಯಬೇಕಿತ್ತು. ಅದನ್ನು ತೆಗೆದರೆ ಎಷ್ಟೋ ಇಂಜಿನ್‌ಗಳಲ್ಲಿ ಬೈಪಾಸ್ ದಾರಿ ಸದಾ ತೆರೆದೇ ಉಳಿದು, ಒಂದು ಪಾಲು ನೀರು ರೇಡಿಯೇಟರಿಗೆ ಹೋಗದೆ ಬಿಸಿಯಾಗಿಯೇ ಸುತ್ತುತ್ತದೆ. ಬೆಳಗಿನ ಚಳಿಯಲ್ಲಿ ಇಂಜಿನ್ ಬೇಗ ಬಿಸಿಯೇರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಲೈನರ್ ಸವೆಯುತ್ತದೆ.

ಲಾರಿ ನಿಂತು ಇಂಜಿನ್ ಮಾತ್ರ ಓಡುತ್ತಿರುವಾಗ, ಅಂದರೆ ಐಡಲಿಂಗಿನಲ್ಲಿ, ಸುಡುವ ಡೀಸೆಲ್ ಬಹಳ ಕಡಿಮೆ, ಆದ್ದರಿಂದ ಹುಟ್ಟುವ ಶಾಖವೂ ಕಡಿಮೆ. ಆರೋಗ್ಯವಾಗಿರುವ ಇಂಜಿನ್ ಐಡಲಿಂಗಿನಲ್ಲಿ ತಣ್ಣಗಾಗಬೇಕು. ಅದೇ ಬಿಸಿಯಾಗುತ್ತಿದೆ ಎಂದರೆ ಕೊರತೆ ಇರುವುದು ಹೆಚ್ಚಾಗಿ ಗಾಳಿಯಲ್ಲಿ. ಓಡುವಾಗ ಗಾಳಿ ತಾನಾಗಿ ರೇಡಿಯೇಟರಿಗೆ ನುಗ್ಗುತ್ತದೆ. ನಿಂತಾಗ ಎಳೆದುಕೊಳ್ಳುವುದು ಫ್ಯಾನ್ ಒಂದೇ. ಹಾಗಾಗಿ ಹುಡುಕಾಟ ಫ್ಯಾನಿನಿಂದ ಶುರುವಾಗಲಿ.

ದೊಡ್ಡ ಲಾರಿಗಳ ಫ್ಯಾನ್ ಇಂಜಿನ್ನಿಗೆ ನೇರವಾಗಿ ಕಚ್ಚಿಕೊಂಡಿರುವುದಿಲ್ಲ. ಫ್ಯಾನಿನ ವೇಗ ದುಪ್ಪಟ್ಟಾದರೆ ಗಾಳಿಯೂ ದುಪ್ಪಟ್ಟಾಗುತ್ತದೆ, ಆದರೆ ಅದು ತಿನ್ನುವ ಶಕ್ತಿ ಎಂಟು ಪಟ್ಟಾಗುತ್ತದೆ. ಬೇಡದಾಗ ಅಷ್ಟು ಶಕ್ತಿ ಹಾಳಾಗದಿರಲೆಂದು ನಡುವೆ ವಿಸ್ಕಸ್ ಕ್ಲಚ್ ಇಟ್ಟಿರುತ್ತಾರೆ. ಅದರೊಳಗೆ ಜೇನಿನಂತೆ ದಪ್ಪನೆಯ ಸಿಲಿಕೋನ್ ಎಣ್ಣೆ ಇರುತ್ತದೆ, ಮುಖದ ಮೇಲೆ ಎರಡು ಲೋಹಗಳನ್ನು ಬೆಸೆದ ಸುರುಳಿ ಅಥವಾ ಪಟ್ಟಿ ಇರುತ್ತದೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಸುರುಳಿ ತಿರುಚಿಕೊಂಡು ಒಳಗಿನ ಕಿಂಡಿಯನ್ನು ತೆರೆಯುತ್ತದೆ, ಎಣ್ಣೆ ಹರಿದು ಎರಡು ತಟ್ಟೆಗಳನ್ನು ಹಿಡಿದುಕೊಳ್ಳುತ್ತದೆ, ಫ್ಯಾನ್ ‘ಭೋರ್’ ಎನ್ನುತ್ತದೆ. ಮುಳ್ಳು ಕೆಂಪಿಗೆ ಹತ್ತಿರವಾದರೂ ಈ ಸದ್ದು ಬರಲಿಲ್ಲವೆಂದರೆ ಕ್ಲಚ್ ಹೋಗಿರುವ ಸಾಧ್ಯತೆಯೇ ಹೆಚ್ಚು.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಇಂಜಿನ್ ಆಫ್ ಆಗಿ ಪೂರ್ತಿ ತಣ್ಣಗಾದ ಮೇಲೆ, ಕೀ ತೆಗೆದಿಟ್ಟುಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಗಟ್ಟಿ ಬೆಲ್ಲದ ಪಾಕದಲ್ಲಿ ಸೌಟು ತಿರುಗಿಸಿದ ಹಾಗೆ ಒಂದೇ ಸಮನಾದ ತಡೆ ಸಿಗಬೇಕು. ಬಿಟ್ಟ ಮೇಲೂ ಮೂರ್ನಾಲ್ಕು ಸುತ್ತು ಸಲೀಸಾಗಿ ತಿರುಗಿದರೆ ಎಣ್ಣೆ ಖಾಲಿಯಾಗಿದೆ. ಕ್ಲಚ್ಚಿನ ನಡುವಿನಿಂದ ಹೊರಕ್ಕೆ ಚಿಮ್ಮಿದಂತೆ ಕಪ್ಪು ಜಿಡ್ಡಿನ ಗೆರೆಗಳಿದ್ದರೆ ಅದು ಸೋರಿದ ಗುರುತು. ರಿಪೇರಿಗಿಂತ ಬದಲಾಯಿಸುವುದೇ ಸರಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಸಣ್ಣ ಗಾಡಿಗಳಲ್ಲಿ ಫ್ಯೂಸ್, ರಿಲೇ, ಸೆನ್ಸರ್ ಪ್ಲಗ್ ನೋಡಿದರೆ ಸಾಕು.

ಫ್ಯಾನ್ ಸರಿಯಿದ್ದರೆ ಅದರ ಸುತ್ತಲಿನ ಡಬ್ಬ, ಅಂದರೆ ಶ್ರೌಡ್, ನೋಡಿ. ಒಡೆದಿದೆಯೆಂದು ಕಿತ್ತೆಸೆದ ಲಾರಿಗಳು ಎಷ್ಟೋ ಇವೆ. ಶ್ರೌಡ್ ಇಲ್ಲದ ಫ್ಯಾನ್ ರೇಡಿಯೇಟರಿನ ಮೂಲಕ ಎಳೆಯುವ ಬದಲು ಇಂಜಿನ್ ಬಳಿಯ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ತಿರುವಿಹಾಕುತ್ತದೆ. ರೇಡಿಯೇಟರಿನ ಅಂಚಿನ ರಬ್ಬರ್ ಪಟ್ಟಿ ಹರಿದಿದ್ದರೂ ಅದೇ ಗತಿ.

ಇನ್ನು ಕೊಳೆ. ಮುಂದಿನಿಂದ ನೋಡಿದರೆ ಜಾಲರಿ ಶುಚಿಯಾಗಿಯೇ ಕಾಣಬಹುದು. ಆದರೆ ಎಸಿ ಕಂಡೆನ್ಸರ್, ಅದರ ಹಿಂದೆ ಇಂಟರ್‌ಕೂಲರ್ (ಟರ್ಬೊದಿಂದ ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಜಾಲರಿ), ಅದರ ಹಿಂದೆ ರೇಡಿಯೇಟರ್ ಎಂದು ಪದರ ಪದರವಾಗಿ ಜೋಡಿಸಿದಲ್ಲಿ, ಎರಡರ ಸಂದಿನಲ್ಲಿ ಭತ್ತದ ಹೊಟ್ಟು, ಹತ್ತಿಯ ಎಳೆ, ಹುಳ, ಎಣ್ಣೆ ಬೆರೆತ ದೂಳು ಕಂಬಳಿಯಂತೆ ಕೂತಿರುತ್ತದೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿರುವುದರಿಂದ ಈ ಸಂದು ಇನ್ನಷ್ಟು ಲಾರಿಗಳಲ್ಲಿ ಇರುತ್ತದೆ. ಫ್ಯಾನ್ ಕಡೆಯಿಂದ ಬಲವಾದ ಟಾರ್ಚ್ ಹಿಡಿದು ಮುಂದಿನಿಂದ ನೋಡಿ, ಬೆಳಕು ಬಾರದ ಜಾಗವೇ ಕಟ್ಟಿದ ಜಾಗ. ಪದರಗಳನ್ನು ಬಿಡಿಸಿ, ಸೋಪಿನ ನೀರಿನಲ್ಲಿ ನೆನೆಸಿ, ಫ್ಯಾನ್ ಕಡೆಯಿಂದ ಹೊರಕ್ಕೆ ಸಾಧಾರಣ ಒತ್ತಡದ ನೀರು ಬಿಡಬೇಕು. ಪ್ರೆಷರ್ ಗನ್ ಹತ್ತಿರ ಹಿಡಿದರೆ ತೆಳ್ಳಗಿನ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿ, ದಾರಿ ಇನ್ನೂ ಮುಚ್ಚುತ್ತದೆ.

ಗಾಳಿಯಲ್ಲಿ ತಪ್ಪು ಸಿಗದಿದ್ದರೆ ನೀರಿಗೆ ಬನ್ನಿ. ನಿಂತಲ್ಲೇ ಇಂಜಿನ್ನನ್ನು 1200 ಆರ್‌ಪಿಎಂಗೆ ಏರಿಸಿದಾಗ ಮುಳ್ಳು ಇಳಿದರೆ, ಬೆಲ್ಟ್ ಸಡಿಲವಾಗಿದೆಯೇ, ನೀರಿನ ಮಟ್ಟ ಕಡಿಮೆಯೇ, ಪಂಪಿನ ರೆಕ್ಕೆ ಸವೆದಿದೆಯೇ ಎಂದು ನೋಡಬೇಕು. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜಿಗಿದರೆ ಅದು ಬಿಸಿಯಲ್ಲ, ಅರ್ತಿಂಗ್ ದೋಷ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಗಟ್ಟಿಯಾಗಿ, ಟ್ಯಾಂಕಿನಲ್ಲಿ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್, ಅನುಮಾನಿಸಿ.

ರೇಡಿಯೇಟರ್ ಮುಚ್ಚಳವನ್ನು ಹಗುರವಾಗಿ ಕಾಣಬಾರದು. ಶಿರಾಡಿ ಘಾಟಿ ಹತ್ತಿ ಸಕಲೇಶಪುರ ತಲುಪಿದರೆ ಸುಮಾರು 900 ಮೀಟರ್ ಎತ್ತರ; ಅಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಎಂದು ಬರೆದ ಮುಚ್ಚಳ ಒತ್ತಡ ಹಿಡಿದರೆ ಕುದಿಯುವ ಬಿಂದು 117ರ ಆಸುಪಾಸಿಗೆ ಏರುತ್ತದೆ. ರಬ್ಬರ್ ಉಂಗುರ ಬಿರುಕುಬಿಟ್ಟಿದ್ದರೆ ಆ ಇಪ್ಪತ್ತು ಡಿಗ್ರಿಯೂ ಕೈತಪ್ಪಿದಂತೆ.

ದಾರಿಯಲ್ಲೇ ಮುಳ್ಳು ಏರಿದರೆ ತಕ್ಷಣ ಕೀ ತಿರುಗಿಸಬೇಡಿ. ಪಂಪ್ ನಿಂತರೆ ಕಬ್ಬಿಣದಲ್ಲಿ ಕೂತ ಶಾಖ ನಿಂತ ನೀರಿಗೆ ಇಳಿದು ಅಲ್ಲಲ್ಲೇ ಕುದಿಸುತ್ತದೆ. ಎಸಿ ಆರಿಸಿ, ಆರ್‌ಪಿಎಂ ಸ್ವಲ್ಪ ಏರಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ. ಎರಡು ಮೂರು ನಿಮಿಷಕ್ಕೂ ಇಳಿಯದಿದ್ದರೆ, ಹಬೆ ಕಂಡರೆ ಅಥವಾ ನೀರು ಸೋರಿಹೋಗಿದ್ದರೆ ಮಾತ್ರ ಆರಿಸಿ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿಯುವಷ್ಟು ಆರುವವರೆಗೆ ಮುಚ್ಚಳ ಮುಟ್ಟಬೇಡಿ. ಆಮೇಲೆ ಇಂಜಿನ್ ಐಡಲಿಂಗಿನಲ್ಲಿಟ್ಟು, ಸಣ್ಣ ಧಾರೆಯಲ್ಲಿ ನಿಧಾನವಾಗಿ ತುಂಬಿಸಿ. ಬಿಸಿ ಬ್ಲಾಕಿಗೆ ಬಿಂದಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು.